ಹೇಳಬಾರದೆಂದು ಸಾರಿದ ಡಂಗುರ

ಮೊನ್ನೆ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸೆಲ್ಲಿಗೆ ಅರಗು ಕರಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಳಬಾಗಿಲಿನ ಡಂಗುರದ ತಾತನೂ ಅವನ ಹಿಂದೆಯೇ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಬಂದವು...

ಯುದ್ಧದ ಕಾಲ. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ಅರಗಿನ ಮುದ್ರೆಯ ಗುಟ್ಟಿನ ಕಾಗದಗಳನ್ನು ಒಡೆದು ಅಮಲ್ದಾರರ ಮುಂದಿಡುವ ಭಾಗ್ಯ ನನ್ನದು. ಆ ಗುಟ್ಟು ಹೊತ್ತು ನಾನು ಬೀದಿಯಲ್ಲಿ ಎಷ್ಟು ಗಂಭೀರವಾಗಿ ನಡೆದರೂ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ತಾತ ತಮಟೆಗೆ ಒಂದೇಟು ಹಾಕಿದರೆ ಸಾಕು, ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಸಾರುತ್ತಿದ್ದ. ಎರಡು ಸಲವೂ ಕೇಳುತ್ತಿದ್ದರು.

ಜನ ಮುಗಿಬೀಳುತ್ತಾರೆಂದು, ಸೀಮೆಎಣ್ಣೆ ಬರುವ ದಿನವನ್ನು ಹೊರಗೆಡಹಬಾರದೆಂದು ಅಪ್ಪಣೆಯಾಯಿತು. ಪೇಟೆಯ ದೊಡ್ಡ ಮನೆಗಳಿಗೆ ಅದು ಹೇಗೋ ತಿಳಿಯುತ್ತಿತ್ತು. ತಾಯಲೂರಿನ ಕಡೆಯವರು ನಡೆದು ಬರುವಷ್ಟರಲ್ಲಿ ಪೀಪಾಯಿ ಖಾಲಿ. ಅವರ ಮನೆಗಳಲ್ಲಿ ಕತ್ತಲಲ್ಲೇ ಊಟ.

“ಎಣ್ಣೆ ಯಾವತ್ತು ಸ್ವಾಮಿ?” ಎಂದು ತಾತ ನನ್ನನ್ನು ಕೇಳಿದ.

“ಹೇಳಬಾರದು ಅಂತ ಅಪ್ಪಣೆ ಕಣಯ್ಯ” ಎಂದೆ, ಪರಮಾನಂದದಿಂದ.

“ಹಂಗಂತ ಅಪ್ಪಣೆ ಬಂದಿರೋದು ನಿಜಾನಾ?”

“ನಿಜ.”

ಸಂತೆಯ ದಿನ ತಮಟೆ ಬಡಿಯಿತು. “ಕೇಳ್ರಪ್ಪೋ... ಎಣ್ಣೆ ಬರೋ ದಿನ ಕಚೇರಿಗೆ ಗೊತ್ತೈತೆ. ನಮಗೆ ಹೇಳ್ಬಾರ್ದು ಅಂತ ಅಪ್ಪಣೆ ಆಗೈತೆ.” ಆಮೇಲೆ ತೆಲುಗಿನಲ್ಲಿ, ಇನ್ನಷ್ಟು ವಿನಯದಿಂದ.

ಸಂತೆಗೆ ಬಂದವರೆಲ್ಲ ಬಂದು ಕಚೇರಿಯ ಅಂಗಳದಲ್ಲಿ ಸುಮ್ಮನೆ ಕೂತರು. ಅಮಲ್ದಾರರು ತಾತನನ್ನು ಒಳಗೆ ಕರೆಸಿದರು.

“ಏನ್ಲಾ, ಇದನ್ನ ಸಾರು ಅಂದೋರ್ಯಾರು?”

“ಅಪ್ಪಣೆ ಬಂದ್ರೆ ಸಾರೋದೇ ನನ್ನ ಕಸುಬು ಸ್ವಾಮಿ. ಇದೂ ಅಪ್ಪಣೇನೇ ಅಲ್ವಾ?”

ಸಂಜೆಯಾದರೂ ಜನ ಏಳಲಿಲ್ಲ. ಕೊನೆಗೆ ಅಮಲ್ದಾರರೇ ಮೆಟ್ಟಿಲಿಗೆ ಬಂದು ಎಣ್ಣೆ ಬರುವ ದಿನ ಹೇಳಿದರು. ಆ ಸಲ ತಾಯಲೂರಿನಲ್ಲೂ ದೀಪ ಹತ್ತಿತು. ತಾತನ ಕಸುಬು ಹೋಯಿತು. ಅವನಿಂದ ಕಸಿದ ತಮಟೆಯನ್ನು ನನ್ನ ಬೀರುವಿನಲ್ಲಿ, ಗುಟ್ಟಿನ ಕಾಗದಗಳ ಪಕ್ಕದಲ್ಲಿ ಇಡಿಸಿದರು. ನಾನೇ ಬೀಗ ಹಾಕಿದೆ. ಆಮೇಲೂ ಅವನು ಬರಿಗೈಯಲ್ಲಿ ಬೀದಿಗೆ ಬಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ನನಗೆ ಯಾರೂ ಎದ್ದು ನಿಲ್ಲಲಿಲ್ಲ.

ತಾತ ತೀರಿಕೊಂಡಾಗ ಸಾರಲು ಊರಿನಲ್ಲಿ ತಮಟೆಯೇ ಇರಲಿಲ್ಲ. ಆದರೂ ಮಣ್ಣಿಗೆ ತಾಯಲೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು...

ಅಂಚೆಯವನು ಅರಗಿಗೆ ಮುದ್ರೆ ಒತ್ತಿದ. ನಾನು ಕಾಪಾಡಿದ ಗುಟ್ಟುಗಳೆಲ್ಲ ಇನ್ನೂ ಭದ್ರವಾಗಿವೆ. ಇಷ್ಟು ವರ್ಷಗಳಲ್ಲಿ ಅವನ್ನು ಕೇಳಿದವನು ಆ ತಾತ ಒಬ್ಬನೇ.