ಪೂಜೆಗೆ ಕೂತ ಹಿತ್ತಾಳೆ ಮೂತಿ

ಮೊನ್ನೆ ಹಬ್ಬಕ್ಕೆಂದು ದೀಪದ ಕಂಬಗಳನ್ನು ಮುಂದಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಹುಣಸೆಹುಳಿ ಹಿತ್ತಾಳೆಗೆ ತಾಗಿದಾಗ ಹಲ್ಲು ಜುಮ್ಮೆನ್ನಿಸುವ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ ಕೈ ನಿಂತುಹೋಯಿತು. ಅದೆಲ್ಲ ನಡೆದು ಐವತ್ತು ವರ್ಷ ದಾಟಿದೆ. ಮಗಳು ಬಂದು, ಯಾಕವ್ವ ಸುಸ್ತಾಯ್ತಾ ಎಂದು ಕೇಳಿದಳು. ಹೂಂ ಎಂದೆ. ಸುಸ್ತೇನೂ ಆಗಿರಲಿಲ್ಲ. ನನಗೆ ಡ್ರೈವರಣ್ಣ ನೆನಪಾಗಿದ್ದರು.

ಊರಿನ ಹೆಸರು ಬರೆಯುವುದಿಲ್ಲ. ಅಷ್ಟು ಧೈರ್ಯ ಈಗಲೂ ಇಲ್ಲ. ಕೊಳ್ಳೇಗಾಲ ಸೀಮೆಯ ಒಂದು ಪೇಟೆ ಎಂದುಕೊಳ್ಳಿ. ನಾನು ಅಲ್ಲಿ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಮನೆಯವರಿಗೆ ಹನೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ನಾನು, ಎರಡೂವರೆ ವರ್ಷದ ಮಗಳು, ಒಂದು ಬಾಡಿಗೆ ಮನೆ. ಆ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡೇ ಬೆಂಕಿ ಸ್ಟೇಷನ್ ಇತ್ತು.

ಸ್ಟೇಷನ್ ಅಂದರೆ ಈಗಿನ ಹಾಗೆ ದೊಡ್ಡ ಕಟ್ಟಡವಲ್ಲ. ತಗಡಿನ ಒಂದು ಶೆಡ್ಡು, ಪಕ್ಕಕ್ಕೆ ಎರಡು ಕೋಣೆ, ಮರಳು ತುಂಬಿದ ಕೆಂಪು ಬಕೆಟ್ಟುಗಳು, ನೆನೆದ ಕ್ಯಾನ್ವಾಸ್ ಹೋಸುಗಳನ್ನು ಒಣಹಾಕಲು ಒಂದು ಬೇವಿನ ಮರ. ಗಾಡಿ ಒಂದೇ. ಹಳೇ ಲಾರಿಗೆ ನೀರಿನ ಟ್ಯಾಂಕು, ಪಂಪು ಕೂರಿಸಿ, ಮೇಲೆ ಮರದ ಏಣಿ ಕಟ್ಟಿದ್ದರು. ನಮ್ಮ ಸೀಮೆ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿ ಹತ್ತು ವರ್ಷವಾಗಿತ್ತೇನೋ, ಗಾಡಿಯ ಬಾಗಿಲ ಮೇಲೆ ಕೆಂಪು ಬಣ್ಣದ ಅಡಿಯಿಂದ ತಮಿಳು ಅಕ್ಷರಗಳು ಇನ್ನೂ ಇಣುಕುತ್ತಿದ್ದವು. ಮುಂದೆ ಒಂದು ಹಿತ್ತಾಳೆ ಗಂಟೆ. ಹ್ಯಾಂಡಲ್ ಹೊಡೆದು ಇಂಜಿನ್ ಎಬ್ಬಿಸಿ, ಆ ಗಂಟೆ ಬಾರಿಸಿಕೊಂಡು ಹೊರಟರೆ ನಮ್ಮ ಮನೆಯ ಗೋಡೆಯೆಲ್ಲ ನಡುಗುತ್ತಿತ್ತು. ನಾನು ಹುಟ್ಟು ಪುಕ್ಕಲಿ. ಗಂಟೆ ಕೇಳಿದರೆ ಮಗುವನ್ನು ಎತ್ತಿಕೊಂಡು ಅಡುಗೆಮನೆಯ ಮೂಲೆ ಸೇರುತ್ತಿದ್ದೆ.

ಆ ಗಾಡಿ ಓಡಿಸುತ್ತಿದ್ದ ಡ್ರೈವರಣ್ಣನಿಗೆ ಇದು ತಮಾಷೆ. ರಾಮಾಪುರದಿಂದಾಚೆ ಹೂಗ್ಯಂ ಕಡೆಯವರು, ಹೆಂಡತಿ ಮಕ್ಕಳು ಊರಲ್ಲಿ. ಉದ್ದ ಆಳು, ಮೆಲ್ಲನೆ ಮಾತು, ಕೋಪ ಬಂದರೆ ಮಾತ್ರ ತಮಿಳು. ಗಾಡಿ ಆಚೆ ಹೋದರೆ ಬೆಂಕಿ ಆರಿಸೋಕೆ ತಾನೇ ಹೋಗುವುದು, ಅದಕ್ಕೇಕೆ ಹೆದರುತ್ತೀರಿ ಎಂದು ನನ್ನನ್ನು ರೇಗಿಸುತ್ತಿದ್ದರು. ಮಗಳನ್ನು ಗಾಡಿಯ ಸೀಟಿನಲ್ಲಿ ಕೂರಿಸಿ ಗಂಟೆಯ ಹಗ್ಗ ಕೈಗೆ ಕೊಡುತ್ತಿದ್ದರು. ಅವಳಿಗೆ ಮಾತ್ರ ಒಂದಿಷ್ಟೂ ಭಯವಿರಲಿಲ್ಲ.

ಗಾಡಿಯ ಸಾಮಾನಿನಲ್ಲೆಲ್ಲ ಅವರಿಗೆ ಜೀವವಾಗಿದ್ದದ್ದು ಎರಡು ಮೂತಿಗಳು. ಹೋಸಿನ ತುದಿಗೆ ಸಿಕ್ಕಿಸುವ, ಮೊಳದುದ್ದದ ಹಿತ್ತಾಳೆ ಕೊಳವೆ ಅದು. ಬುಡ ಅಗಲ, ತುದಿ ಸಣ್ಣ. ಸರ್ಕಾರಿ ಕಾಗದದಲ್ಲಿ ಬ್ರಾಂಚ್ ಎನ್ನುತ್ತಾರಂತೆ, ಅಣ್ಣನ ಬಾಯಲ್ಲಿ ಮೂತಿ. ಒಂದು ದಿನ ಬೇವಿನ ಮರದ ಕೆಳಗೆ ನನಗೂ ಮಗಳಿಗೂ ಅದರ ಆಟ ತೋರಿಸಿದ್ದರು. ಮೂತಿ ಹಾಕಿದರೆ ನೀರು ಮರದ ನೆತ್ತಿ ದಾಟಿ ಚಿಮ್ಮಿತು. ಮೂತಿ ತೆಗೆದರು, ಅದೇ ನೀರು ಹೋಸಿನಿಂದ ಬಳಬಳ ಸುರಿದು ಅವರ ಕಾಲ ಬುಡದಲ್ಲೇ ಬಿತ್ತು. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಗಾಡಿ ತೊಳೆದು, ಗಂಟೆ ಮೂತಿಗಳನ್ನೆಲ್ಲ ಬಿಚ್ಚಿ ಗೋಡೆಯ ಮೇಲಿಂದ ನನಗೆ ಕೊಡುತ್ತಿದ್ದರು. ಹುಣಸೆಹಣ್ಣು, ಬೂದಿ ಹಾಕಿ ನಾನು ತಿಕ್ಕಿದರೆ ಚಿನ್ನದ ಹಾಗೆ ಹೊಳೆಯುತ್ತವೆ ಎಂದು ಅವರ ನಂಬಿಕೆ. ಒಂದೇ ಕರಾರು, ಒಂಬತ್ತು ಗಂಟೆಗೆಲ್ಲ ವಾಪಸು ಕೊಟ್ಟುಬಿಡಬೇಕು. ಎಲ್ಲ ಸಾಮಾನೂ ಗಾಡಿಯ ಮೇಲೆ ಇರುವಾಗಲೇ ಪೂಜೆ ಮಾಡುತ್ತಿದ್ದರು. ಬೆಂಕಿಗೆ ಹಬ್ಬ ಹುಣ್ಣಿಮೆ ಇಲ್ಲ ಎನ್ನುತ್ತಿದ್ದರು.

ಆ ವರ್ಷ ನನಗೆ ಹೊಸ ಹೊಲಿಗೆ ಮೆಷಿನ್ ಬಂದಿತ್ತು. ಪೂಜೆಗೆ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದೆ. ಕೆಲಸಕ್ಕೆ ಅಡ್ಡ ಬರುತ್ತಾಳೆಂದು ಮಗಳನ್ನು ಹಿಂದಿನ ದಿನವೇ ಯಳಂದೂರು ರಸ್ತೆಯ ಹಳ್ಳಿಯಲ್ಲಿದ್ದ ನಾದಿನಿಯ ಮನೆಗೆ ಕಳಿಸಿದ್ದೆ. ಕರೆದೊಯ್ಯಲು ಬಂದ ನಾದಿನಿಯ ಜೊತೆ ಬಸ್ಸಿಗೆ ಹತ್ತಿಸಿ ಬಂದವರು ಡ್ರೈವರಣ್ಣನೇ. ಬೆಳಿಗ್ಗೆ ಗಂಟೆ ತಿಕ್ಕಿ ಕೊಟ್ಟೆ. ಮೂತಿಗಳನ್ನೂ ತಿಕ್ಕಿದೆ. ಆದರೆ ಅವು ಅಷ್ಟು ಚೆನ್ನಾಗಿ ಹೊಳೆಯುತ್ತಿದ್ದವು... ಮೆಷಿನ್ನಿನ ಆಚೆ ಒಂದು, ಈಚೆ ಒಂದು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಮನಸ್ಸಿಗೆ ಬಂತು. ನಿಲ್ಲಿಸಿದೆ. ತುದಿಗೆ ದಾಸವಾಳ ಸಿಕ್ಕಿಸಿದೆ, ಕುಂಕುಮ ಇಟ್ಟೆ, ಮಂಗಳಾರತಿಯೂ ಆಯಿತು. ಬಂದ ಹೆಂಗಸರು ಹೊಗಳಿದ್ದೇ ಹೊಗಳಿದ್ದು.

ನಮ್ಮ ಕಡೆ ಪೂಜೆಗೆ ಕೂತ ಆಯುಧವನ್ನು ಆ ದಿನ ಸಂಜೆಯ ತನಕ ಕದಲಿಸುವುದಿಲ್ಲ. ಕತ್ತರಿ ಮುಟ್ಟುವುದಿಲ್ಲ, ಕುಡುಗೋಲು ಮುಟ್ಟುವುದಿಲ್ಲ. ನನಗದು ತಲೆಗೆ ಬಂದದ್ದು ಗೋಡೆಯಾಚೆಯಿಂದ ಅಣ್ಣನ ದನಿ ಕೇಳಿದಾಗ.

"ಟೀಚರಮ್ಮ, ಮೂತಿ ಆಯ್ತಾ?"

"ಇನ್ನೂ ಒಣಗಿಲ್ಲ ಅಣ್ಣ, ಬಿಸಿಲಿಗಿಟ್ಟಿದ್ದೀನಿ."

"ಆಗ್ಲಿ ಕಣವ್ವ. ವಸಿ ಬೇಗ ಕೊಟ್ಬುಡಿ."

ಎಷ್ಟು ಸಲೀಸಾಗಿ ಸುಳ್ಳು ಬಂತೋ ನನಗೇ ತಿಳಿಯದು. ಹಬ್ಬದ ದಿನ ಎಲ್ಲಿ ಬೆಂಕಿ ಬೀಳುತ್ತದೆ, ಸಂಜೆ ಕದಲಿಸಿ ಕೊಟ್ಟರಾಯಿತು ಅಂದುಕೊಂಡೆ. ಹೆಂಗಸರಿಗೆ ಕೋಸಂಬರಿ ಹಂಚಲು ಹೋದೆ.

ಹನ್ನೊಂದರ ಸುಮಾರಿಗೆ ರಸ್ತೆಯಲ್ಲಿ ಗಲಾಟೆ ಕೇಳಿಸಿತು. ಸೈಕಲ್ಲಿನಲ್ಲಿ ಬಂದವನೊಬ್ಬ ಸ್ಟೇಷನ್ ಮುಂದೆ ಸೈಕಲ್ ಬಿಸಾಕಿ ಕೂಗುತ್ತಿದ್ದ. ಹುಲ್ಲಿನ ಮೆದೆಗೆ ಬೆಂಕಿ ಬಿದ್ದು ಮನೆಗಳಿಗೆ ಹತ್ತಿಕೊಂಡಿದೆ ಎಂದ. ಊರ ಹೆಸರು ಹೇಳಿದ. ನನ್ನ ನಾದಿನಿಯ ಊರು! ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಾಳೆಕಂದು ಕಟ್ಟಿದ್ದ ಗಾಡಿ ಚಕ್ರದಡಿಯ ನಿಂಬೆಹಣ್ಣು ಅರೆದುಕೊಂಡು ಗಂಟೆ ಬಾರಿಸುತ್ತಾ ಹೊರಟೇಹೋಯಿತು. ಹೊರಡುವಾಗ ಅಣ್ಣ ನನ್ನ ಕಡೆ ತಿರುಗಿ ಕೈಯೆತ್ತಿದರು. ಮಗುವಿನ ವಿಚಾರಕ್ಕೆ ಅಂದುಕೊಂಡೆ. ಮೂತಿ ಗಾಡಿಯ ಮೇಲೆ ಇಲ್ಲ ಎನ್ನುವುದು ಆ ಗಾಬರಿಯಲ್ಲಿ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ದೇವರಿಗೆ ಕೈಮುಗಿಯೋಣವೆಂದು ಒಳಗೆ ಬಂದೆ. ಮೆಷಿನ್ನಿನ ಎರಡೂ ಕಡೆ ಅವು ನಿಂತಿದ್ದವು.

ಹೂ ಕಿತ್ತೆಸೆದು ಕಂಕುಳಿಗೊಂದರಂತೆ ಎರಡನ್ನೂ ಅವಚಿಕೊಂಡು ಬೀದಿಗೆ ಓಡಿದೆ. ಸೈಕಲ್ ಅಂಗಡಿಗೆ ಹೋದೆ. ಸೈಕಲ್ಲುಗಳೆಲ್ಲ ಸಾಲಾಗಿ ವಿಭೂತಿ ಬಳಿದುಕೊಂಡು ನಿಂತಿದ್ದವು, ಅಂಗಡಿಯವನ ಸುಳಿವಿಲ್ಲ. ಇದ್ದಿದ್ದರೂ ನನಗೆ ತುಳಿಯಲು ಬರುತ್ತಿರಲಿಲ್ಲ. ಬಸ್ಸು ಹಾರ ಹಾಕಿಕೊಂಡು ಮರದ ಕೆಳಗೆ ಮಲಗಿತ್ತು. ಜಟಕಾ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕ ಗಾಡಿಯ ನೊಗಕ್ಕೆ ಕರ್ಪೂರ ಹಚ್ಚುತ್ತಿದ್ದ. ಬೇಡಿಕೊಂಡೆ.

"ಪೂಜೆ ಆಗೋಯ್ತು ಕಣವ್ವ, ಇವತ್ತು ಕುದ್ರೆ ಕಟ್ಟಂಗಿಲ್ಲ," ಎಂದ.

ಅವನನ್ನು ಬಯ್ಯಲು ಬಾಯಿ ತೆರೆದೆ. ಏನೆಂದು ಬಯ್ಯಲಿ? ಯಾವ ಮಾತು ನಂಬಿ ನಾನು ಕೂತಿದ್ದೆನೋ ಅದೇ ಮಾತನ್ನು ಅವನು ಹೇಳಿದ್ದ. ಮತ್ತೆ ಓಡಿದೆ.

ಎರಡು ಮೈಲಿ ದಾರಿ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಓಡುತ್ತೇನೆ, ಉಸಿರು ಕಟ್ಟಿ ನಡೆಯುತ್ತೇನೆ, ತಿರುಗಿ ಓಡುತ್ತೇನೆ. ಕಬ್ಬಿನ ಗದ್ದೆಗಳ ಆಚೆ ಹೊಗೆ ಮೇಲೇಳುತ್ತಿತ್ತು. ಮೊದಲು ಬಿಳಿಯಿತ್ತು, ನಾನು ಹತ್ತಿರವಾದಂತೆಲ್ಲ ಕಪ್ಪಾಯಿತು. ನಾದಿನಿಯ ಮನೆಗೂ ಹುಲ್ಲಿನ ಸೂರು. ಮಗಳು ಬೆಂಕಿಯನ್ನು ನೋಡಿ ಹೆದರಿ ಹಿಂದೆ ಸರಿಯುವವಳಲ್ಲ, ಹತ್ತಿರ ಹೋಗುವವಳು. ದಾರಿಯುದ್ದಕ್ಕೂ ಅದೊಂದೇ ಚಿತ್ರ. ಅವಳಿಗೇನಾದರೂ ಆದರೆ ಅದನ್ನು ಮಾಡಿದವಳು ನಾನೇ. ಇನ್ನೊಂದು ಯೋಚನೆಯೂ ಬಂತು, ಅದನ್ನೂ ಬರೆದುಬಿಡುತ್ತೇನೆ. ಮೂತಿ ನನ್ನ ಮನೆಯಲ್ಲಿತ್ತು ಎಂದು ಗೊತ್ತಾದರೆ ಕೆಲಸ ಹೋಗುತ್ತದೆ, ಪೊಲೀಸಿನವರು ಬರುತ್ತಾರೆ ಎಂಬ ಯೋಚನೆ. ಮಗು ಬದುಕಿದೆಯೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲೂ ಅದು ಬಂತು.

ಹಳ್ಳಿ ಮುಟ್ಟಿದಾಗ ಜನ ಬಾವಿಯಿಂದ ಬಿಂದಿಗೆ ಬಿಂದಿಗೆ ನೀರು ಸಾಗಿಸುತ್ತಿದ್ದರು. ಪಂಪು ಓಡುತ್ತಿತ್ತು. ಪಂಪಿನ ಹತ್ತಿರ ನಿಲ್ಲಬೇಕಾದ ಡ್ರೈವರಣ್ಣ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ, ಒದ್ದೆ ಗೋಣಿತಾಟು ತಲೆಗೆ ಹೊದ್ದು, ಮೂತಿಯಿಲ್ಲದ ಹೋಸು ಹಿಡಿದು ಉರಿಯುವ ಸೂರಿನ ಅಡಿಯಲ್ಲೇ ನಿಂತಿದ್ದರು. ನೀರು ದೂರ ಹೋಗದಲ್ಲ, ಅದಕ್ಕೆ ಅವರೇ ಹತ್ತಿರ ಹೋಗಿದ್ದರು. ಆ ಮನೆಯಲ್ಲಿ ಒಬ್ಬಳು ಬಾಣಂತಿ ಇದ್ದಳಂತೆ. ಅವಳನ್ನೂ ಕೂಸನ್ನೂ ಆಚೆಗೆ ತರುವ ತನಕ ಬಾಗಿಲ ಮೇಲೆ ನೀರು ಬಿಡುತ್ತಾ ನಿಂತವರು, ಸೂರಿನ ಬಿದಿರು ಕುಸಿದು ಕೈಮೇಲೆ ಬಿದ್ದರೂ ಹೋಸು ಬಿಟ್ಟಿರಲಿಲ್ಲ.

ನಾನು ಮೂತಿಗಳನ್ನು ಚಾಚಿದೆ. ಯಾರೋ ಕಿತ್ತುಕೊಂಡು ಸಿಕ್ಕಿಸಿದರು. ನೀರು ಮನೆಗಳ ನೆತ್ತಿಗೇರಿತು. ಅಣ್ಣ ಹಿಂದೆ ಸರಿದು ನನ್ನನ್ನು ನೋಡಿದರು. ಹುಬ್ಬು ಸುಟ್ಟಿತ್ತು, ಬಲಗೈ ನೋಡುವ ಹಾಗಿರಲಿಲ್ಲ. ಈಗ ಕೇಳುತ್ತಾರೆ, ಎಲ್ಲರ ಮುಂದೆ ಕೇಳುತ್ತಾರೆ ಅಂದುಕೊಂಡೆ.

"ಮಗ ವೊಂಗೆ ಮರದ ತಾವ ಅದೆ ಕಣವ್ವ. ಏನೂ ಆಗ್ನಿಲ್ಲ," ಎಂದರು.

ಬಂದವರೇ ಮೊದಲು ನನ್ನ ಮಗಳು ಎಲ್ಲಿದ್ದಾಳೆಂದು ವಿಚಾರಿಸಿದ್ದರಂತೆ. ಅವಳು ಹೊಂಗೆ ಮರದ ಕೆಳಗೆ ನಾದಿನಿಯ ಸೊಂಟದ ಮೇಲೆ ಕೂತು ಪುರಿ ತಿನ್ನುತ್ತಾ ನೀರು ಚಿಮ್ಮುವುದನ್ನು ನೋಡುತ್ತಿದ್ದಳು. ಕೂಸಿಗೂ ಬಾಣಂತಿಗೂ ಏನೂ ಆಗಲಿಲ್ಲ. ನಾಲ್ಕು ಮನೆ ಬೂದಿಯಾದವು.

ಆಮೇಲಿನ ದಿನಗಳು ನನಗೆ ಆ ಎರಡು ಮೈಲಿಗಿಂತ ಕಷ್ಟವಾದವು. ಅಣ್ಣ ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ನೋಡಲು ಹೋಗಲಿಲ್ಲ. ಬಾಗಿಲು ಬಡಿದ ಸದ್ದಾದರೆ ಬೆವರುತ್ತಿದ್ದೆ. ಮನೆಯವರಿಗೂ ಹೇಳಲಿಲ್ಲ. ಕೊನೆಗೆ ಮೈಸೂರಿನಿಂದ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ಆಸ್ಪತ್ರೆಯಿಂದ ಬಂದಿದ್ದ ಅಣ್ಣನನ್ನು ಕರೆಸಿ, ಬೇವಿನ ಮರದಡಿ ಕುರ್ಚಿ ಹಾಕಿ ಕೂತರು. ನಾನು ಹಿತ್ತಲ ಗೋಡೆಗೆ ಕಿವಿ ಕೊಟ್ಟು ಕೂತೆ. ಬ್ರಾಂಚ್ ಗಾಡಿಯ ಮೇಲೆ ಯಾಕಿರಲಿಲ್ಲ ಎಂದು ಸಾಹೇಬರು ಎರಡು ಸಲ ಕೇಳಿದರು.

"ನಾನೇ ಪೂಜೆಗೆ ಅಂತ ಬಿಚ್ಚಿ ಮಡಗಿದ್ದೆ ಸಾ. ಗಾಬ್ರೀಲಿ ಮರ್ತೋದೆ. ಪಕ್ಕದ್ಮನೆ ಟೀಚರಮ್ಮ ನೋಡಿ ಓಡ್ಕಂಡು ತಂದ್ಕೊಟ್ರು."

ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಸಮಾಧಾನ. ಉಸಿರು ಬಿಟ್ಟೆ. ನಾಚಿಕೆ ಬಂದದ್ದು ಆಮೇಲೆ, ಅದು ಬಂದದ್ದು ಮತ್ತೆ ಹೋಗಲಿಲ್ಲ. ಎದ್ದು ಹೋಗಿ ಹೇಳಿಬಿಡಬಹುದಿತ್ತು. ಹತ್ತು ಹೆಜ್ಜೆ ದೂರ. ಹೋಗಲಿಲ್ಲ.

ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಸ್ಟೇರಿಂಗ್ ಹಿಡಿಯಲಾಗದ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೇಲೆ ಆ ಮರೆವಿನ ಆಪಾದನೆ ಬೇರೆ. ಊರಿಗೆ ಹೊರಟ ದಿನ ಟ್ರಂಕನ್ನು ಎಡಗೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮಗಳನ್ನು ಎತ್ತಿಕೊಳ್ಳಲು ನೋಡಿ, ಆಗದೆ, ತಲೆ ಸವರಿದರು.

ನಾನು "ಅಣ್ಣ..." ಎಂದೆ.

"ಬುಡಿ ಕಣವ್ವ," ಎಂದರು. ಅಷ್ಟೇ. ಬಸ್ಸಿನ ಹೊತ್ತಾಯಿತೆಂದು ಹೊರಟರು.

ಹೋದ ವರ್ಷ ಮಾರ್ಟಳ್ಳಿಯಲ್ಲಿ ನೆಂಟರ ಮದುವೆಯಿತ್ತು. ಬರುವಾಗ ಹಟ ಹಿಡಿದು ಕಾರನ್ನು ಅವರ ಊರಿಗೆ ತಿರುಗಿಸಿದೆ. ಇಷ್ಟು ವರ್ಷದ ಮೇಲಾದರೂ ಹೇಳಿಬಿಡಬೇಕು, ಅವರಿಲ್ಲದಿದ್ದರೆ ಮಕ್ಕಳಿಗಾದರೂ ಹೇಳಬೇಕು ಎಂದು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಿದ್ದೆ. ಅವರು ಹೋಗಿ ಹನ್ನೆರಡು ವರ್ಷವಾಗಿತ್ತು. ಮಗನಿಗೇ ಈಗ ತಲೆ ನೆರೆತಿದೆ. ನಾನು ಇಂಥ ಊರಿನಲ್ಲಿ ಹೊಲಿಗೆ ಟೀಚರಾಗಿದ್ದೆ ಎಂದು ಹೇಳುತ್ತಿದ್ದ ಹಾಗೇ ಅವರು ಎದ್ದು ನಿಂತು, ಒಳಗಿನಿಂದ ಹೆಂಡತಿಯನ್ನೂ ಸೊಸೆಯನ್ನೂ ಕರೆದು, ನನ್ನ ಕಾಲು ಮುಟ್ಟಿಸಿದರು.

"ಅಪ್ಪ ಸಾಯೋಗಂಟ ನಿಮ್ಮನ್ನ ನೆನಸ್ಕತಿದ್ರು ಕಣವ್ವ. ತಪ್ಪು ನಂದು, ಆ ಟೀಚರಮ್ಮ ಬರಿಗಾಲಲ್ಲಿ ಓಡಿ ಬಂದು ಊರು ಉಳಿಸ್ಬುಟ್ರು ಅಂತ."

ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಈ ಕತೆ ನನಗ್ಯಾಕೆ ಹೇಳಲಿಲ್ಲ ಎಂದು ಹೆಮ್ಮೆಯಿಂದ ನನ್ನ ಕೈ ಹಿಡಿದುಕೊಂಡಳು. ನಾನು ಜೋಡಿಸಿಕೊಂಡು ಬಂದ ಮಾತು ಬಾಯಿಗೆ ಬರಲಿಲ್ಲ. ಅವರು ಕೊಟ್ಟ ಕಾಫಿ ಕುಡಿದೆ, ಅವರ ಸೊಸೆ ಇಟ್ಟ ಕುಂಕುಮ ಇಡಿಸಿಕೊಂಡೆ, ಎದ್ದು ಬಂದೆ.