ಅಕ್ಕಿ ಡ್ರಮ್ಮಿನಲ್ಲಿ ಅಂಚೆಚೀಟಿ

ನಿಮ್ಮಲ್ಲಿ ಯಾರಾದರೂ ಅಂಚೆಚೀಟಿಗಳನ್ನು ಅಕ್ಕಿಯಲ್ಲಿ ಹೂತಿಟ್ಟಿದ್ದೀರಾ? ಇಲ್ಲ ತಾನೇ? ಹಾಗಾದರೆ ಭೂಮಿಯ ಮೇಲೆ ಆ ಕೆಲಸ ಮಾಡಿದ ಏಕೈಕ ಪದವೀಧರ ನಾನೇ ಇರಬೇಕು. ಮೊನ್ನೆ ಡೊಂಬಿವಲಿಯ ಕಿರಾಣಿ ಅಂಗಡಿಯಲ್ಲಿ ಪಕ್ಕದ ಹೆಂಗಸೊಬ್ಬರು ಹರಳೆಣ್ಣೆಯ ಬಾಟಲಿ ತೆರೆದು ಮೂಸಿ ನೋಡಿದರು. ಆ ವಾಸನೆಗೆ ನಾನು ಕೊಳ್ಳಲು ಬಂದ ಸಾಬೂನನ್ನೂ ಮರೆತು ರಸ್ತೆಗೆ ಬಂದು ನಿಂತಿದ್ದೆ.

ಅಂಚೆಚೀಟಿ ನನ್ನ ಸೋದರಮಾವನದು. ಅವರು ಪಕ್ಕದ ಊರು ಕಲ್ಯಾಣದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಆಗೆಲ್ಲ ಹೋಟೆಲಿನ ಹುಡುಗರಿಗೆ ಕಾಗದ ಬರುತ್ತಿದ್ದದ್ದು ಹೋಟೆಲಿನ ವಿಳಾಸಕ್ಕೇ. ದುಬೈಯ ಅಣ್ಣ, ಹಡಗಿನಲ್ಲಿದ್ದ ಭಾವ, ಊರಿನ ಅಮ್ಮ, ಎಲ್ಲರೂ ಬರೆಯುತ್ತಿದ್ದರು. ಕಾಗದ ಹುಡುಗನಿಗೆ, ಚೀಟಿ ಮಾವನಿಗೆ. ಓದಲು ಬಾರದವನಿಗೆ ಮಾವನೇ ಓದಿ ಹೇಳುತ್ತಿದ್ದರು. ಹೀಗೆ ಕೂಡಿದ್ದೆಲ್ಲ ದಪ್ಪ ಕಪ್ಪು ಹಾಳೆಗಳ ಸ್ಟಾಕ್ ಬುಕ್ಕುಗಳಲ್ಲಿ, ಅಡ್ಡಕ್ಕೆ ಅಂಟಿಸಿದ ತೆಳು ಪಟ್ಟಿಗಳ ಹಿಂದೆ, ಸಾಲಾಗಿ ಕೂತಿರುತ್ತಿತ್ತು. ಭಾನುವಾರ ಮಾವ ಅವನ್ನು ಹಾಳೆ ಹಾಳೆ ಬಿಡಿಸಿ ಗಾಳಿಗೆ ಇಡುತ್ತಿದ್ದರು. "ಈ ಪುಸ್ತಕಗಳಿಗೆ ಇರುವ ಭಾಗ್ಯ ನೋಡು, ನನ್ನನ್ನು ಒಂದು ದಿನ ಗಾಳಿಗೆ ಕರ್ಕೊಂಡು ಹೋಗ್ಲಿಲ್ಲ" ಎಂದು ಅತ್ತೆ ಗೊಣಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಮಾವನಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು. ಥಾಣೆಯ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಒಂದು ತಟ್ಟೆ ರಾಜ್ಮಾ ಕಾಳು ತಂದು, "ಅಂಕಲ್, ಏಕ್ ಏಕ್ ಕರ್‌ಕೇ ಉಠಾವೋ" ಎಂದಳು. ಮೊದಲ ಕೆಲವು ತಿಂಗಳಲ್ಲಿ ಕೈ ಬಂದರೆ ಬಂತು, ಆಮೇಲೆ ಕಷ್ಟ ಎಂದೂ ಹೇಳಿದಳು.

"ಇಡೀ ಹೋಟೆಲ್ ನಡೆಸಿದವ ನಾನು, ಈಗ ಕಾಳು ಹೆಕ್ಕುದಾ? ಮನೆಗೆ ಹೋಗಿ ನನ್ನ ಚೀಟಿ ಹೆಕ್ತೇನೆ" ಎಂದರು ಮಾವ. ಅತ್ತೆ ಮನೆಯಿಂದ ಚಿಮಟ ತಂದುಕೊಟ್ಟರು. ಮಂಚದ ಮೇಲೆ ಕೂತು ಮಾವ ಬರಿಯ ಗಾಳಿಯನ್ನೇ ಹೆಕ್ಕುತ್ತಿದ್ದರು. ಬಲಗೈಯ ಎರಡು ಬೆರಳು ನಿಧಾನ ಕೂಡುತ್ತಿದ್ದವು. ಅದನ್ನು ನೋಡಿ ಅತ್ತೆ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬರುತ್ತಿದ್ದರು.

ಅಷ್ಟು ದಿನ ಅವರ ಮನೆಯಲ್ಲಿ ಉಳಿದು ಕಾಯುವ ಕೆಲಸ ನನ್ನದು. ಡೊಂಬಿವಲಿಯ ಅವರ ಮನೆಯ ಗೋಡೆ ಆಷಾಢಕ್ಕೆ ಬೆವರುತ್ತದೆ. "ಪುಸ್ತಕ ನಿಲ್ಲಿಸಿ ಇಡು, ಮಲಗಿಸ್ಬೇಡ. ಪ್ಲಾಸ್ಟಿಕ್ಕಿನಲ್ಲಿ ಕಟ್ಬೇಡ. ದಿನಾ ಸ್ವಲ್ಪ ಫ್ಯಾನ್ ಹಾಕು" ಎಂದು ಮಾವ ಮತ್ತೆ ಮತ್ತೆ ಹೇಳಿದ್ದರು. ನಾನೋ ಮಹಾಪೆಯ ಆಫೀಸಿನಿಂದ ಲೋಕಲ್ಲಿನಲ್ಲಿ ಜಜ್ಜಿಸಿಕೊಂಡು ಬಂದು ಬೀಳುವ ಪ್ರಾಣಿ. ದಿನಾ ಯಾರು ಹಾಳೆ ಬಿಡಿಸುತ್ತಾರೆ? ನೀರಿಗೆ ಬಿದ್ದ ಮೊಬೈಲು ಅಕ್ಕಿಯಲ್ಲಿ ಒಣಗುತ್ತದಲ್ಲ! ಆ ಕ್ಷಣ ನನಗೆ ನಾನೇ ವಿಜ್ಞಾನಿಯಂತೆ ಕಂಡೆ. ಅತ್ತೆಯ ದೊಡ್ಡ ಡ್ರಮ್ಮಿನಲ್ಲಿ ಅಷ್ಟೂ ಪುಸ್ತಕ ಹೂತು, ಮುಚ್ಚಳ ಹಾಕಿ, ಕೈ ಕೊಡವಿಕೊಂಡೆ.

ಇಲ್ಲಿನವರು ವರ್ಷದ ಅಕ್ಕಿಗೆ ಹುಳ ಬರದಿರಲೆಂದು ಹರಳೆಣ್ಣೆ ಸವರಿ ಇಡುತ್ತಾರೆ. ಅತ್ತೆಯೂ ನೆರೆಮನೆಯವರಿಂದ ಕಲಿತು ಹಾಗೇ ಮಾಡಿದ್ದರು. ಒಂದು ದಿನ ಅನ್ನ ಮಾಡಿದ್ದರೂ ಅಕ್ಕಿ ತೊಳೆಯುವಾಗ ಎಣ್ಣೆ ತೇಲಿ ತಿಳಿಯುತ್ತಿತ್ತು. ಆದರೆ ನಾನು ಮೂರು ಹೊತ್ತೂ ವಡಾಪಾವಿನ ಮೇಲೆ ಬದುಕುವವನು; ಹೂಳುವಾಗ ಕೈಗೆ ತಾಗಿದ ಜಿಡ್ಡೂ ಅದರದೇ ಎಂದುಕೊಂಡಿದ್ದೆ.

ಮಾವ ಮನೆಗೆ ಬಂದ ದಿನ ಪುಸ್ತಕಗಳನ್ನು ಅಗೆದು ತೆಗೆದೆ. ಬಜ್ಜಿ ಕಟ್ಟಿದ ಕಾಗದದ ಹಾಗೆ ಚೀಟಿಗಳು ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು. ರಾಜರೂ ಹಕ್ಕಿಗಳೂ ಹಡಗುಗಳೂ ಪಟ್ಟಿಗೆ ಅಂಟಿಕೊಂಡಿದ್ದವು. ಮಾವ ಚಿಮಟದಿಂದ ಒಂದನ್ನು ಎಳೆದರು. ಅರ್ಧ ಬಂತು. ಬೈಯುತ್ತಾರೆಂದು ಕಾದೆ. ಅವರು ಚಿಮಟವನ್ನು ಮೇಜಿನ ಮೇಲಿಟ್ಟರು, ಮತ್ತೆ ಅದನ್ನು ಮುಟ್ಟಲೇ ಇಲ್ಲ.

ಆಮೇಲೆ ನಾನು ರಿಪೇರಿಗೆ ಇಳಿದೆ. ಎಣ್ಣೆ ಹೀರಲೆಂದು ಟಾಲ್ಕಂ ಪೌಡರ್ ಉದುರಿಸಿದೆ. ಪುಸ್ತಕಗಳು ಸಲೂನಿನ ವಾಸನೆ ಹೊಡೆದವು, ಚೀಟಿ ಹಿಟ್ಟಾಯಿತು. ಹೊಸ ಚೀಟಿಗಳ ಪ್ಯಾಕೆಟ್ ತಂದೆ. ಮಾವ ತಿರುಗಿಸಿ ನೋಡಿ, "ಇದ್ರಲ್ಲಿ ಯಾರು ಯಾರಿಗೆ ಕಾಗದ ಬರ್ದಿದ್ದಾರೆ?" ಎಂದು ಎಡಗೈಯಿಂದ ಹಿಂದಕ್ಕೆ ಕೊಟ್ಟರು. ವ್ಯಾಯಾಮದ ಹುಡುಗಿ ಮನೆಗೂ ಬಂದು ಸೋತಳು. ಹೇಳಿದ ತಿಂಗಳುಗಳು ಮುಗಿದವು. ಬಲಗೈ ಮಡಿಲಲ್ಲೇ ಉಳಿಯಿತು.

ನಾನು ಬಿಡುವ ಪೈಕಿಯೇ? ಹಿಸುಕುವ ಚೆಂಡು, ದೊಡ್ಡ ಕಾಯಿಗಳ ಕೇರಂ, ಮಾವನ ಮನೆಗೆ ಹೋದಾಗಲೆಲ್ಲ ಒಂದೊಂದು. ನಿನ್ನೆ ಬಣ್ಣದ ಮಣಿಗಳ ಡಬ್ಬ ಒಯ್ದಿದ್ದೆ. ಮಾವ ನಕ್ಕರು, "ಒಳ್ಳೇದುಂಟು ಮಾರಾಯ" ಎಂದರು. ನನಗೆ ಖುಷಿಯೋ ಖುಷಿ.

ಅತ್ತೆ ಲಿಫ್ಟಿನವರೆಗೆ ಬಂದರು. ಬಾಗಿಲು ಹಿಡಿದು ನಿಂತು, ಮೆಲ್ಲಗೆ ಹೇಳಿದರು: "ಇನ್ನು ಬರುವಾಗ ಎಂತದೂ ತರ್ಬೇಡ ಮಗಾ. ನಿನಗೆ ಬೇಜಾರಾಗ್ಬಾರ್ದು ಅಂತ ಅವರು ಆ ಕೈ ಎತ್ಲಿಕ್ಕೆ ನೋಡ್ತಾರೆ. ಏಳುದಿಲ್ಲ. ನೀನು ಹೋದ ಮೇಲೆ ಅವರನ್ನು ಸಮಾಧಾನ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."