ಲಾಬಿಯಲ್ಲಿ ಬೆಳಕು, ಮನೆಯಲ್ಲಿ ಹೂರಣ

ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಕಳೆದ ಭಾನುವಾರದ ಚರಿತ್ರೆ ಬರೆದು ಮುಗಿದಿದೆ. ಅದರ ಪ್ರಕಾರ, ಬೆಳಗ್ಗೆ ಸರ್ಕಾರಿ ಕರೆಂಟು ಎಂದಿನಂತೆ ಕೈಕೊಟ್ಟಿತು. ಪ್ರೈವೇಟ್ ಕಂಪನಿಯ ಜನರೇಟರು ಎರಡೇ ಸೆಕೆಂಡಿನಲ್ಲಿ ಎದ್ದು ನಿಂತು ಇಡೀ ಖರಾಡಿ ಬಡಾವಣೆಯಲ್ಲಿ ನಮ್ಮ ಮಾನ ಕಾಪಾಡಿತು. ಕೆಳಗೆ ಮೂವತ್ತೆರಡು ಹೆಬ್ಬೆರಳು.

ಸುಳ್ಳು. (ಹೆಬ್ಬೆರಳುಗಳಲ್ಲಿ ಒಂದು ನನ್ನದು. ಅದನ್ನು ಒತ್ತಿದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ. ಹಾಸಿಗೆಯಿಂದ ನೋಡಿದರೆ ಎಲ್ಲ ವ್ಯವಸ್ಥೆಯೂ ಚೆನ್ನಾಗಿಯೇ ಕಾಣುತ್ತದೆ.)

ನನ್ನನ್ನು ಎಬ್ಬಿಸಿದ್ದು ಪಕ್ಕದ ಮನೆಯ ಸುಮಿತ್ರಾ ಕಾಕು. ಧಾರವಾಡದವರು. ಇಪ್ಪತ್ತೈದು ವರ್ಷ ಬಂಧು ಬಳಗಕ್ಕೆಲ್ಲ ಪುಕ್ಕಟೆಯಾಗಿ ಹೋಳಿಗೆ ಮಾಡಿಕೊಟ್ಟು, ಈ ಸಲ ಜೀವನದಲ್ಲಿ ಮೊದಲ ಬಾರಿಗೆ ಆರ್ಡರ್ ಹಿಡಿದಿದ್ದರು. ಸದಾಶಿವ ಪೇಠದಲ್ಲಿ ಒಂದು ಮುಂಜಿ. ಅರವತ್ತು ಹೋಳಿಗೆ. ಹನ್ನೆರಡಕ್ಕೆ ರಿಕ್ಷಾ ಹೊರಡಬೇಕು. ಬೇಳೆ ಬೆಂದಿದೆ, ಬೆಲ್ಲ ಬಿದ್ದಿದೆ, ಇನ್ನೇನು ರುಬ್ಬಬೇಕು ಅನ್ನುವಾಗ ಏಳೂವರೆಗೆ ಲೈಟ್ ಹೋಯಿತು.

‘ಈ ಹೋಳಿಗಿ ಹೋಗಲಿಲ್ಲಂದ್ರ ನಾ ಮತ್ತ ಪುಕ್ಕಟ ಕಾಕೂನ ಆಗತೀನಿ ನೋಡವಾ’ ಅಂದರು. ಅವರ ದನಿಯಲ್ಲಿ ಅಳುವಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಮನೆಯಲ್ಲಿ ಕೈಯಿಂದ ತಿರುಗಿಸುವ ಹೂರಣದ ಯಂತ್ರವೊಂದಿದೆ. ಆದರೆ ಕಾಕುವಿಗೆ ಹೋದ ವರ್ಷ ಭುಜದ ಆಪರೇಷನ್ ಆಗಿದೆ. ನಾನು ತಿರುಗಿಸಿದೆ. ಹನ್ನೆರಡು ಸುತ್ತು. ಹದಿಮೂರನೆಯದಕ್ಕೆ ಹ್ಯಾಂಡಲ್ ಗೆದ್ದಿತು. (ಕಾಲೇಜಿನ ನಾಲ್ಕೂ ವರ್ಷ ಡಿಬೇಟ್ ಮಾಡಿದವಳು ನಾನು. ಅದರಲ್ಲಿ ತೋಳಿಗೆ ಕೆಲಸವಿಲ್ಲ.)

ಸರಿ, ಆ್ಯಪ್ ಇದೆಯಲ್ಲ? ಜನರೇಟರ್ ಕಂಪನಿಯ ಆ್ಯಪಿನಲ್ಲಿ ದೂರು ಹಾಕಿದೆ: ಮನೆಯಲ್ಲಿ ಕರೆಂಟಿಲ್ಲ, ತುರ್ತು. ನಾಲ್ಕೇ ನಿಮಿಷದಲ್ಲಿ ಉತ್ತರ ಬಂತು. ಲಾಬಿ, ಲಿಫ್ಟು, ಕಾರಂಜಿ ಮೂರೂ ಚಾಲೂ ಇವೆ. ನಿಮ್ಮ ದೂರನ್ನು ಪರಿಹರಿಸಲಾಗಿದೆ. ದಯವಿಟ್ಟು ಸ್ಟಾರ್ ಕೊಡಿ.

ಕಾರಂಜಿ! ಬಾಲ್ಕನಿಯಿಂದ ನೋಡಿದೆ. ನಿಜವಾಗಿಯೂ ಹಾರುತ್ತಿತ್ತು. ಬಣ್ಣದ ದೀಪ ಕೂಡ ಇತ್ತು, ಆ ಬಿಸಿಲಿನಲ್ಲಿ.

ಆಗ ನನಗೆ ಹೊಳೆಯಿತು. ಲಾಬಿಯಲ್ಲಿ ಕರೆಂಟಿದೆ ಎಂದರೆ ಲಾಬಿಯ ಪ್ಲಗ್ಗಿನಲ್ಲೂ ಇದೆ. ಕಾಕು, ಗ್ರೈಂಡರು, ಎರಡು ಪಾತ್ರೆ ಬೇಳೆ, ನಾನು, ಎಲ್ಲರೂ ಲಿಫ್ಟಿನಲ್ಲಿ ಇಳಿದೆವು. ನೋಟಿಸ್ ಬೋರ್ಡಿನ ಕೆಳಗೆ ಗ್ರೈಂಡರ್ ಕೂತಿತು. ಅದು ಗರ್ ಎಂದದ್ದೇ ತಡ, ಇಡೀ ಲಾಬಿ ಏಲಕ್ಕಿ ಜಾಜಿಕಾಯಿ ಘಮಘಮ. ಜಾಗಿಂಗ್ ಮುಗಿಸಿ ಬಂದವರು ಲಿಫ್ಟ್ ಬಂದರೂ ಹತ್ತದೆ ನಿಂತರು.

ಎರಡನೇ ಸುತ್ತಿಗೆ ಸೂಪರ್‌ವೈಸರ್ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬ್ಲೆಟ್, ಬಹಳ ಮರ್ಯಾದಸ್ಥ. ನಮಸ್ಕಾರ ಮಾಡಿಯೇ ಪ್ಲಗ್ ಕಿತ್ತ. ಆಮೇಲೆ ಮರಾಠಿಯಲ್ಲಿ ಮೆತ್ತಗೆ, ಕರಾರಿನ ಏಳನೇ ಕಲಮು ನೋಡಿ ಮ್ಯಾಡಂ ಅಂದ. ನೋಡಿದೆ. ‘ಸಾಮಾನ್ಯ ಸೌಲಭ್ಯಗಳಿಗೆ ಮಾತ್ರ, ಯಾವುದೇ ನಿವಾಸಿಯ ಖಾಸಗಿ ಬಳಕೆಗೆ, ಎಂಥ ಸಂದರ್ಭದಲ್ಲೂ, ಅಲ್ಲ.’

ಆ ವಾಕ್ಯವನ್ನು ಎಲ್ಲೋ ಓದಿದ್ದೇನೆ ಅನ್ನಿಸಿತು. ಓದಿದ್ದಲ್ಲ, ಬರೆದದ್ದು. ಅದರ ಇಂಗ್ಲಿಷ್ ನನ್ನದು, ಅದರ ಅಲ್ಪವಿರಾಮಗಳೂ ನನ್ನವು.

ನಡೆದದ್ದಿಷ್ಟು. ಹೋದ ವರ್ಷ ಸೊಸೈಟಿಯ ಮೀಟಿಂಗಿನಲ್ಲಿ ಜನರೇಟರನ್ನು ಪ್ರೈವೇಟ್ ಕಂಪನಿಗೆ ವಹಿಸಬೇಕೋ ಬೇಡವೋ ಎಂಬ ಚರ್ಚೆ. ನನ್ನನ್ನು ಪರವಾಗಿ ಮಾತಾಡು ಎಂದರು, ಮಾತಾಡಿದೆ. (ವಿರುದ್ಧವಾಗಿ ಮಾತಾಡು ಎಂದಿದ್ದರೂ ಗೆಲ್ಲುತ್ತಿದ್ದೆ. ಇದು ಜಂಬವಲ್ಲ, ಕಾಯಿಲೆ.) ಮೂರನೇ ಮಹಡಿಯ ಜೋಶಿ ಕಾಕಾ ಒಬ್ಬರೇ ಅಡ್ಡ ನಿಂತರು. ನಾಳೆ ಯಾರೋ ಲಾಬಿಯ ಪ್ಲಗ್ಗಿಗೆ ತಮ್ಮ ಸ್ಕೂಟರ್ ಚಾರ್ಜಿಗೆ ಹಾಕಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಅವರ ಬಾಯಿ ಮುಚ್ಚಿಸಲು ನಿಂತ ನಿಲುವಿನಲ್ಲೇ ಈ ಕಲಮು ಹೊಸೆದೆ. ಚಪ್ಪಾಳೆ ಬಿತ್ತು. ಎಂಥ ಸಂದರ್ಭದಲ್ಲೂ ಎಂದಾಗ ಹೂರಣದ ಸಂದರ್ಭ ಯಾರ ತಲೆಯಲ್ಲಿತ್ತು?

ಸೂಪರ್‌ವೈಸರ್ ಜೊತೆ ವಾದಕ್ಕಿಳಿದೆ. ಅರವತ್ತು ಜನ ತಿನ್ನುವ ಹೋಳಿಗೆ ಖಾಸಗಿ ಹೇಗಾಗುತ್ತದೆ ಎಂದೆ. ಅವರು ಈ ಸೊಸೈಟಿಯವರಲ್ಲ ಎಂದ. ಕಾರಂಜಿಯಿಂದ ಯಾರ ಹೊಟ್ಟೆ ತುಂಬುತ್ತದೆ ಎಂದೆ. ಅದು ಪಟ್ಟಿಯಲ್ಲಿದೆ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನಾವು ಕೇಳಿದ್ದನ್ನು ಕಂಪನಿ ಅಕ್ಷರ ತಪ್ಪದೆ ಕೊಟ್ಟಿತ್ತು. ಕೇಳಲು ಮರೆತದ್ದನ್ನು ಅವನೇಕೆ ಕೊಡಬೇಕು?

ಕಾಕು ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದರು. ‘ನೀ ಮಾತಾಡಿ ಮುಗಸ್ದ್ಯಾ? ಈಗ ನಾ ಮಾತಾಡ್ಲಿ?’

ಅವರ ಫೋನಿನಲ್ಲಿ ಹೆಸರುಗಳು ಹೀಗಿವೆ: ಗ್ಯಾಸ್ ಶಿಂದೆ, ನೀರ್ ಪವಾರ್, ಲೈಟ್ ಬಸಣ್ಣ. ಬಸಣ್ಣ ಎಂದರೆ ನಮ್ಮ ಏರಿಯಾದ ಸರ್ಕಾರಿ ಲೈನ್‌ಮನ್. ಊರು ಗಡಿಯಲ್ಲಿ, ಜತ್ತದ ಕಡೆ. ಎರಡು ವರ್ಷದ ಹಿಂದೆ ಮೀಟರ್ ಬದಲಿಸಲು ಬಂದಾಗ ಅವರ ಮರಾಠಿಯೊಳಗಿನ ಕನ್ನಡವನ್ನು ಕಾಕು ಹಿಡಿದು, ಚಹಾ ಕೊಟ್ಟು, ನಂಬರ್ ಇಸಿದುಕೊಂಡಿದ್ದರಂತೆ. ಅಂದಿನಿಂದ ದೀಪಾವಳಿಗೆ ಅವರ ಮನೆಗೆ ಇಲ್ಲಿಂದ ಕರಜಿಕಾಯಿ ಹೋಗುತ್ತದೆ.

ಮಾತು ಒಂದು ನಿಮಿಷವೂ ಆಗಲಿಲ್ಲ. ಮಕ್ಕಳು ಹೇಗಿದ್ದಾರೆ, ಹೆಂಡತಿಯ ಮೊಣಕಾಲು ಹೇಗಿದೆ, ಲೈಟ್ ಹೋಗಿದೆ. ಅಷ್ಟೇ.

ಏಣಿ ಹೊತ್ತು ಹೊರಟೇ ಇದ್ದೇನೆ, ಇತ್ತಲೇ ತಿರುಗಿದೆ ಅಂದರಂತೆ. ಇಪ್ಪತ್ತು ನಿಮಿಷದಲ್ಲಿ ಏಣಿ ಬಂತು, ಏಣಿಯ ಹಿಂದೆ ಬಸಣ್ಣ ಬಂದರು. ಕಂಬ ಹತ್ತಿ ಸುಟ್ಟುಹೋಗಿದ್ದ ಯಾವುದೋ ತುಂಡನ್ನು ಬದಲಿಸಿದರು. ಒಂಬತ್ತಾಗುವುದರೊಳಗೆ ಇಡೀ ಸೊಸೈಟಿಗೆ ಕರೆಂಟು. ಮುಂದೆ ಎರಡು ಹೆಂಚು, ನಾಲ್ಕು ಕೈ. ನಾನು ಲಟ್ಟಿಸಿದವು ಮೊದಲು ಭಾರತದ ನಕ್ಷೆ, ಆಮೇಲೆ ಮಹಾರಾಷ್ಟ್ರದ್ದು, ಕೊನೆಗೆ ದುಂಡಗಾದವು. ಐವತ್ತು ದಾಟಿದಾಗ ಕಾಕು ಮೊದಲ ಸಲ ನಕ್ಕರು.

ನಾನು ಹಿಟ್ಟಿನ ಕೈಯಲ್ಲೇ ಗ್ರೂಪಿಗೆ ಮೆಸೇಜ್ ಟೈಪ್ ಮಾಡತೊಡಗಿದೆ. ಮಾನ್ಯರೇ, ನಮ್ಮನ್ನು ಇಂದು ಕಾಪಾಡಿದ್ದು ಯಾರು? ಸರ್ಕಾರಿ ನೌಕರ. ಕರಾರಿಲ್ಲ, ಕಲಮಿಲ್ಲ, ಭಾನುವಾರ ಬೇರೆ. ಆದ್ದರಿಂದ ಕರೆಂಟು ಸದಾ ಸರ್ಕಾರದ ಕೈಯಲ್ಲೇ ಇರತಕ್ಕದ್ದು. ಭಾಷಣ ಚೆನ್ನಾಗಿಯೇ ಬರುತ್ತಿತ್ತು. ನನ್ನದೇ ಹಳೆಯ ವಾದವನ್ನು ನಾನೇ ಕೆಡವುವ ಸುಖ ಬೇರೆ.

ಹೊಗೆ ಹೋಗಲೆಂದು ಅಡುಗೆಮನೆಯ ಹಿಂದಿನ ಕಿಟಕಿ ತೆರೆದೆ.

ನಮ್ಮ ಕಾಂಪೌಂಡಿನ ಆಚೆ ತಗಡಿನ ಮನೆಗಳ ಒಂದು ಗಲ್ಲಿಯಿದೆ. ಎಲ್ಲರೂ ಹೊಸ್ತಿಲಾಚೆ ಕೂತಿದ್ದರು. ಒಬ್ಬಾಕೆ ಮಡಿಲಲ್ಲಿ ಮಲಗಿದ್ದ ಮಗುವಿಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಅಲ್ಲಿ ಯಾಕಿನ್ನೂ ಬಂದಿಲ್ಲ ಎಂದು ಕಾಕುವನ್ನು ಕೇಳಿದೆ.

‘ಅವರದು ಬ್ಯಾರೆ ಲೈನ್. ನಿನ್ನೆ ಮಧ್ಯಾಹ್ನದಿಂದನ ಇಲ್ಲ. ಆಫೀಸಿಗೆ ಕಂಪ್ಲೇಂಟ್ ಕೊಟ್ಟಾರಂತ’ ಅಂದವರು, ಹೆಂಚಿನ ಮೇಲಿದ್ದುದನ್ನು ಮಗುಚಿ ಹಾಕಿದರು.

ಮೆಸೇಜ್ ಅಳಿಸಿದೆ. ಯಾವ ಪಕ್ಷದ ಪರ ಮಾತಾಡಬೇಕೆಂದು ತಿಳಿಯದೆ ನಿಂತದ್ದು ನನಗೆ ಇದೇ ಮೊದಲು.

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ರಿಕ್ಷಾ ಹೊರಟಿತು, ಅರವತ್ತು ಹೋಳಿಗೆಯೊಂದಿಗೆ. ಎದುರು ರಸ್ತೆಯಲ್ಲೊಂದು ಕೆಲಸ ಮುಗಿಸಿದ ಬಸಣ್ಣ ಆಗ ಮೇಲೆ ಬಂದರು. ಬರದೆ ಹೋಗಲು ಕಾಕು ಬಿಡುತ್ತಿರಲಿಲ್ಲ. ಉಳಿದ ಎರಡು ಹೋಳಿಗೆ, ಮೇಲೆ ತುಪ್ಪ. ‘ಭಾಳ ಮೆತ್ತಗ ಆಗ್ಯಾವ್ರಿ ಅಕ್ಕಾರ’ ಎನ್ನುತ್ತ ತಿಂದರು. ನಿಧಾನದ, ಒಳ್ಳೆಯ ಮನುಷ್ಯ. ಒಳ್ಳೆಯವರನ್ನು ಪ್ರಶ್ನೆ ಕೇಳುವುದೇ ಕಷ್ಟ.

ಆದರೂ ಅವರು ಕೈ ತೊಳೆದು ಹೆಗಲಿಗೆ ಹಗ್ಗ ಏರಿಸಿಕೊಳ್ಳುವಾಗ ಕೇಳಿದೆ:

‘ಬಸಣ್ಣಾರ, ಮುಂಜಾನೆ ನಮ್ಮ ಕಾಕು ಫೋನ್ ಮಾಡಿದಾಗ ನೀವು ಏಣಿ ತಗೊಂಡು ಎಲ್ಲಿಗೆ ಹೊಂಟಿದ್ರಿ?’